ಡಾರ್ಟ್ಸ್ ಎಸೆಯುವ ಕುರುಡ

ಅಕ್ಟೋಬರ್ 7, ಸೋಮವಾರ

ಡಂಕನ್ ಇವತ್ತೂ ಹಾಗೇ ಮಾಡಿದ. ನಾನು ಮೇಜಿನ ಮುಂದೆ ಕೂತು ಓದುತ್ತಿದ್ದೆ. ತಲೆ ಎತ್ತಿ ನೋಡಿದರೆ ಎಡಗಡೆ ಮೊಣಕೈ ಹತ್ತಿರವೇ ನಿಂತಿದ್ದಾನೆ. ಯಾವಾಗಿನಿಂದ ನಿಂತಿದ್ದನೋ ದೇವರೇ ಬಲ್ಲ. ಬೆಚ್ಚಿಬಿದ್ದು ಅರ್ಧ ಲೋಟ ಕಾಫಿ ಕಾಗದಗಳ ಮೇಲೆ ಚೆಲ್ಲಿಕೊಂಡೆ.

"ಕೆಮ್ಮಿದೆನಲ್ಲ ಮೇಡಂ," ಅಂದ.

ಕೆಮ್ಮಿದ್ದು ಕೇಳಿಸಿತ್ತು, ಬಾಗಿಲಾಚೆ ಯಾರೋ ಅಂದುಕೊಂಡಿದ್ದೆ. ಡಂಕನ್ ನಮ್ಮ ಚೇಂಬರ್ಸಿನ ಗುಮಾಸ್ತ. ಯಾವ ಬ್ಯಾರಿಸ್ಟರಿಗೆ ಯಾವ ಕೇಸು ಅಂತ ಹಂಚುವವನು ಅವನೇ, ನಮ್ಮೆಲ್ಲರ ಅನ್ನ ಅವನ ಕೈಯಲ್ಲಿ. ಅಂಥವನು ಬೆಕ್ಕಿನ ಹಾಗೆ ಪಕ್ಕಕ್ಕೆ ಬಂದು ನಿಲ್ಲುವ ಅಭ್ಯಾಸ ಶುರುಮಾಡಿದ್ದಾನೆಂದರೆ ಸುಮ್ಮನೆ ಇರಲಾರದು. ನಾನು ಓದುತ್ತೇನೋ ತೂಕಡಿಸುತ್ತೇನೋ ಅಂತ ನೋಡಿಕೊಂಡು ಬಾ ಎಂದು ಯಾರೋ ಹೇಳಿ ಕಳಿಸಿರಬೇಕು. ಮೇಲಿನ ಮಹಡಿಯಲ್ಲಿ ಎಳೆಯರು ಇಬ್ಬರು ಸೇರಿಕೊಂಡಿದ್ದಾರೆ, ನನ್ನ ಕೋಣೆ ದೊಡ್ಡದು, ಕಿಟಕಿ ಬೇರೆ ಇದೆ.

ತಂದುಕೊಟ್ಟ ಕೇಸೂ ಅಷ್ಟಕ್ಕಷ್ಟೇ. ಕಾನೂನು ನೆರವಿನದು, ಕೋಲ್ಡ್‌ವೆಲ್ ಪಟ್ಟಣದ ವಿಲ್ಫ್ ಹ್ಯಾಲಮ್ ಎಂಬ ಮುದುಕನದು. ಕಣ್ಣು ಹೆಚ್ಚುಕಡಿಮೆ ಹೋಗಿದೆ ಅಂತ ಹೇಳಿ ನಾಲ್ಕು ವರ್ಷದ ಹಿಂದೆ ಊರಿನ ಪುರಸಭೆಯಾದ ಕೌನ್ಸಿಲ್‌ನಿಂದ ನೆಲಮಹಡಿಯ ಮನೆ ಪಡೆದ. ದಿನಾ ಬೆಳಿಗ್ಗೆ ಸಹಾಯಕ್ಕೆ ಒಬ್ಬಾಕೆ ಬರುತ್ತಾಳೆ, ಅದೂ ಕೌನ್ಸಿಲ್ ಖರ್ಚು. ಈಗ ಕೌನ್ಸಿಲ್ ಹೇಳುತ್ತಿರುವುದು: ಇವನಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಸುಳ್ಳು ಹೇಳಿ ಮನೆ ಹೊಡೆದುಕೊಂಡಿದ್ದಾನೆ, ಖಾಲಿ ಮಾಡಿಸಿ. ಸೋತರೆ ಬೀದಿಯೇ ಗತಿ. ಮೋಸ ಮಾಡಿ ಮನೆ ಕಳೆದುಕೊಂಡವನಿಗೆ ಇನ್ನೊಂದು ಮನೆ ಹುಡುಕಿಕೊಡುವ ಹೊಣೆ ಕೌನ್ಸಿಲ್‌ಗೆ ಇಲ್ಲ.

ಸಾಕ್ಷಿಗೆ ಒಂದು ವಿಡಿಯೊ. ಹ್ಯಾಲಮ್ ಬಿಳಿ ಕೋಲು ತಟ್ಟುತ್ತಾ ಪಬ್‌ವರೆಗೆ ಬರುತ್ತಾನೆ. ಬಾಗಿಲ ಹತ್ತಿರ ನಿಂತು ಆಚೆ ಈಚೆ ನೋಡಿ ಕೋಲನ್ನು ಮಡಚಿ ಕೋಟಿನ ಒಳಜೇಬಿಗೆ ಹಾಕುತ್ತಾನೆ. ಒಳಗೆ ಹೋಗಿ ಬಿಯರ್ ಕುಡಿದು ಡಾರ್ಟ್ಸ್ ಆಡುತ್ತಾನೆ. ಗೋಡೆಯ ಮೇಲಿನ ಹಲಗೆಗೆ ಒಂದರ ಹಿಂದೊಂದು ಚೂಪುಬಾಣ ಎಸೆಯುತ್ತಾನೆ, ಎಲ್ಲವೂ ಒಂದೇ ಗೆರೆಯೊಳಗೆ. ಗೆಳೆಯರು ಬೆನ್ನು ತಟ್ಟುತ್ತಾರೆ. ಹೊರಗೆ ಬಂದವನು ಕೋಲು ಬಿಡಿಸಿ ಮತ್ತೆ ಕುರುಡನಾಗುತ್ತಾನೆ.

ಇದನ್ನು ನೋಡಿ ನನಗೆ ನಗು ಬಂತು. ಕಳ್ಳ ಮುದುಕ. ಆದರೆ ಬ್ಯಾರಿಸ್ಟರ್ ಎಂದರೆ ಸ್ಟ್ಯಾಂಡಿನ ಟ್ಯಾಕ್ಸಿ, ಸರದಿಯಲ್ಲಿ ಬಂದ ಗಿರಾಕಿಯನ್ನು ಹತ್ತಿಸಿಕೊಳ್ಳಲೇಬೇಕು. ಹತ್ತಿಸಿಕೊಂಡೆ.

ಅಕ್ಟೋಬರ್ 10, ಗುರುವಾರ

ಸಾಲಿಸಿಟರ್ ನಸ್ರೀನ್ ಜೊತೆ ಹ್ಯಾಲಮ್ ಮನೆಗೆ ಹೋದೆ. ಕೇಸು ತಯಾರು ಮಾಡುವವಳು ಅವಳು, ಕೋರ್ಟಿನಲ್ಲಿ ಬಾಯಿ ನಾನು. ಅವಳಿಗೆ ಮುದುಕನ ಮೇಲೆ ಪೂರ್ತಿ ನಂಬಿಕೆ. ನಂಬಿಕೆ ಇಟ್ಟವರ ಮೇಲೆ ನನಗೆ ಯಾವತ್ತೂ ಅನುಮಾನ.

ಹ್ಯಾಲಮ್ ಕಾಲುಚೀಲದ ಕಾರ್ಖಾನೆಯಲ್ಲಿ ಹೆಣಿಗೆ ಯಂತ್ರಗಳ ಮೆಕ್ಯಾನಿಕ್ ಆಗಿದ್ದನಂತೆ. ತೆಳ್ಳಗೆ, ನೆಟ್ಟಗೆ ಇದ್ದಾನೆ. ಶೇವ್ ಮಾಡಿ, ಟೈ ಕಟ್ಟಿಕೊಂಡು ಕಾದಿದ್ದ. ಈ ಕಡೆಯವರು ಬಸ್ ಡ್ರೈವರನಿಂದ ಹಿಡಿದು ಬಿಷಪ್‌ವರೆಗೆ ಎಲ್ಲರನ್ನೂ ಅಕ್ಕರೆಯಿಂದ 'ಡಕ್', ಬಾತುಕೋಳಿ, ಅನ್ನುವುದೇ, ನನಗೂ ಅದೇ ಮರ್ಯಾದೆ ಸಿಕ್ಕಿತು.

"ಬಾ ಡಕ್, ಕೂತ್ಕೊ. ಕೋರ್ಟಲ್ಲಿ ನನ್ನ ಪರ ಕಿರುಚೋಳು ನೀನೇನಾ?"

"ಕಿರುಚಲ್ಲ ಮಿಸ್ಟರ್ ಹ್ಯಾಲಮ್. ಕೇಳ್ತೀನಿ."

"ಕೇಳು ಹಂಗಾದ್ರೆ."

ಮೇಜಿನ ಮೇಲೆ ಪೇಪರ್, ಕುದುರೆ ರೇಸಿನ ಪುಟ ತೆರೆದಿತ್ತು. ನನ್ನ ಕಾರ್ಡು ಕೊಟ್ಟೆ. ತಗೊಂಡು, ಮೂಗಿನ ಮುಂದೆ ಹಿಡಿದು, ತಳದಲ್ಲಿ ಇರುವೆಸಾಲಿನಂತಿರುವ ಫೋನ್ ನಂಬರನ್ನು ಗಟ್ಟಿಯಾಗಿ ಓದಿಬಿಟ್ಟ. ನಸ್ರೀನ್ ಮುಖ ನೋಡಿದೆ. ಅವಳು ಛಾವಣಿ ನೋಡುತ್ತಿದ್ದಳು.

"ಇಷ್ಟು ಸಣ್ಣಕ್ಷರ ಓದ್ತೀರಿ. ಮತ್ತೆ ಕುರುಡು ಅಂತೀರಿ," ಅಂದೆ.

"ಕುರುಡು ಅಂತ ನಾನೆಲ್ಲಂದೆ? ಡಾಕ್ಟರು ಅಂದ್ರು. ನಂಗೆ ನಡುವೆ ಇಷ್ಟಗಲ ಚೆನ್ನಾಗ್ ಕಾಣತ್ತೆ." ಬೆರಳುಗಳನ್ನು ಕಾಲುಚೀಲದ ಬಾಯಿಯಷ್ಟು ಅಗಲ ಮಾಡಿ ತೋರಿಸಿದ. "ಅದ್ರಾಚೆ ಏನೂ ಇಲ್ಲ. ಕಪ್ಪೂ ಇಲ್ಲ ಡಕ್, ಅದೇ ತಮಾಷೆ. ಏನೂ ಕಮ್ಮಿ ಆಗಿದೆ ಅನ್ಸೋದೇ ಇಲ್ಲ. ಮೂರನೇ ಮಹಡೀಲಿದ್ದಾಗ ಮೆಟ್ಲು ಒಂದಿನ ಇದ್ದಕ್ಕಿದ್ದಂಗೆ ಕಾಲಡಿ ಇರ್ಲಿಲ್ಲ. ಸೊಂಟ ಮುರೀತು."

ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದ್ದಾನೆ. ಕೋಲು ಯಾಕೆ ಬಚ್ಚಿಟ್ಟಿರಿ ಅಂತ ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡು, "ಅದು ನನ್ ವಿಷ್ಯ," ಅಂದ. ಅಲ್ಲಿಗೆ ಮುಗಿಯಿತು.

ಹೊರಡುವಾಗ ಬಾಗಿಲ ಪಕ್ಕ ಇಟ್ಟಿದ್ದ ಬಟ್ಟೆ ಒಣಹಾಕುವ ಚೌಕಟ್ಟಿಗೆ ಮೊಣಕಾಲು ಹೊಡೆದು ಬೀಳುವಂತಾದೆ. ಕುರುಡನ ಮನೆಯಲ್ಲಿ ದಾರಿಗಡ್ಡ ಅಂಥದ್ದು ಇಡುತ್ತಾರೆಯೇ? ಅದೂ ಅವನ ಮೇಲಿನ ಒಂದು ಅನುಮಾನವೆಂದು ಗುರುತು ಹಾಕಿಕೊಂಡೆ. ಅವನಂತೂ ಅದನ್ನು ಸುತ್ತಿಕೊಂಡು ಸಲೀಸಾಗಿ ಬಂದು ಬೀಳ್ಕೊಟ್ಟ.

ಅಕ್ಟೋಬರ್ 21, ಸೋಮವಾರ

ಕಾರಿನ ಎಡಗಡೆ ಬಾಗಿಲು ಪೂರ್ತಿ ಗೀರಿಹೋಗಿದೆ, ಕನ್ನಡಿ ನೇತಾಡುತ್ತಿದೆ. ಚೇಂಬರ್ಸಿನ ಪಾರ್ಕಿಂಗಿನಲ್ಲಿ ಯಾರೋ ಉಜ್ಜಿಕೊಂಡು ಹೋಗಿದ್ದಾರೆ, ಒಂದು ಚೀಟಿ ಬರೆದಿಡುವಷ್ಟು ಮಾನವೂ ಇಲ್ಲ. ಡಂಕನ್‌ನನ್ನು ಕೇಳಿದೆ. "ಗೇಟಿನ ಕಂಬಕ್ಕೂ ಹಸಿರು ಬಣ್ಣ ಮೆತ್ತಿದೆ ಮೇಡಂ," ಅಂದ. ನನ್ನ ಕಾರು ಹಸಿರು. ಅವನು ಹೇಳಿದ ಧಾಟಿ ನನಗೆ ಹಿಡಿಸಲಿಲ್ಲ.

ಬೆಳಿಗ್ಗೆ ಒಬ್ಬ ಸೈಕಲ್ಲಿನವನು ಎಲ್ಲಿಂದಲೋ ಧುತ್ತೆಂದು ಬಂದು ಬಾಯಿಗೆ ಬಂದಂತೆ ಬೈದ. ಈ ಊರಿಗೆ ಏನಾಗಿದೆ?

ಅಕ್ಟೋಬರ್ 29, ಮಂಗಳವಾರ

ಗಡಿಯಾರ ಹಿಂದಕ್ಕೆ ತಿರುಗಿಸಿದ್ದೇ ತಡ, ಮಧ್ಯಾಹ್ನದ ಟೀ ಹೊತ್ತಿಗೇ ಕತ್ತಲು. ಖರ್ಚು ಉಳಿಸುವುದಕ್ಕೆ ಬೀದಿದೀಪಗಳನ್ನೂ ಮಂಕು ಮಾಡಿದ್ದಾರೆ. ಕೇಳಿದರೆ ಯಾರೂ ಒಪ್ಪುವುದಿಲ್ಲ.

ಕೌನ್ಸಿಲ್ ಪರ ಇರುವವನು ಜೈಲ್ಸ್ ಲೆವಿನ್. ಜೊತೆಯಲ್ಲಿ ಓದಿದವನು, ಒಳ್ಳೆಯ ಮಾತುಗಾರ. ಅಷ್ಟಕ್ಕೇ ಜೇಬು ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸುವಂಥವನು. ಫೋನ್ ಮಾಡಿ ರಾಜಿ ಮಾತಾಡಿದ. ಮುದುಕ ಕ್ರಿಸ್‌ಮಸ್ ಒಳಗೆ ತಾನಾಗಿ ಮನೆ ಬಿಟ್ಟರೆ ಮೋಸದ ಕೇಸು ಪೊಲೀಸರವರೆಗೆ ಹೋಗುವುದಿಲ್ಲವಂತೆ. "ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ ಹಿಲರಿ. ಆ ವಿಡಿಯೊ ನೋಡಿದ ಜಡ್ಜ್ ನಿನ್ ಮುಖ ನೋಡಲ್ಲ," ಅಂದ. ಕಳೆದ ವಾರ ಕೋರ್ಟಿನ ಹಜಾರದಲ್ಲಿ ತಾನು ಕೈ ಬೀಸಿದರೂ ನಾನು ಮುಖ ತಿರುಗಿಸಿಕೊಂಡು ಹೋದೆನಂತೆ, ಅದನ್ನೂ ಸೇರಿಸಿದ. ಸುಳ್ಳು. ಅವನು ಅಲ್ಲಿರಲೇ ಇಲ್ಲ.

ರಾಜಿಯ ಮಾತು ತಿಳಿಸಬೇಕಾದ್ದು ನನ್ನ ಕೆಲಸ. ಹ್ಯಾಲಮ್ ಮನೆಗೆ ಹೋದೆ. ಹಸಿರು ಬಟಾಣಿ ಬೇಯಿಸಿ ಕಿವುಚಿ, ಮೇಲೆ ಪುದೀನ ಗೊಜ್ಜು ಸುರಿದುಕೊಂಡು ತಿನ್ನುತ್ತಿದ್ದ. ನನಗೂ ಒಂದು ಬಟ್ಟಲು ಬಡಿಸಿದ. ನಾನು ಮಾತಾಡಿ ಮುಗಿಸುವವರೆಗೂ ಚಮಚ ಕೆಳಗಿಡಲಿಲ್ಲ.

"ಬಿಟ್ಟು ಎಲ್ಲಿಗೋಗ್ಲಿ?" ಅಂದ. "ಈ ಮನೇಲಿ ನಂಗೆ ಎಲ್ಲಾ ಗೊತ್ತು. ಒಲೆ ಎಲ್ಲಿ, ಗೋಡೆ ಎಲ್ಲಿ. ಹೊಸ ಜಾಗಕ್ಕೆ ಹಾಕಿದ್ರೆ ನಾನು ಕುರ್ಚಿ ಬಿಟ್ಟು ಏಳಲ್ಲ ಡಕ್. ಕೂತಲ್ಲೇ ಸಾಯ್ತೀನಿ."

ಸುಳ್ಳನ ಬಾಯಲ್ಲಿ ಬಂದರೂ ಆ ಮಾತು ಎದೆಗೆ ತಾಕಿತು, ಬರೆದಿಡುತ್ತೇನೆ.

"ಹಾಗಾದರೆ ಕೋಲಿನ ವಿಷಯ ಹೇಳಿ. ನನಗಲ್ಲದಿದ್ದರೂ ಜಡ್ಜಿಗೆ ಹೇಳಲೇಬೇಕು."

ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಕೋಲ್ ಹಿಡ್ಕೊಂಡು ಒಳಗೋದ್ರೆ ಕೈಗೆ ಬಾಣ ಕೊಡ್ತಾರಾ? ಒಬ್ಬೊಬ್ರೂ ಮೇಜಿನಡಿ ಅಡಗ್ತಾರೆ. ಮೂವತ್ತು ವರ್ಷದಿಂದ ಆ ಟೀಮಲ್ಲಿದೀನಿ. ಹಲಗೆ ಒಂದು ನಂಗೆ ಇನ್ನೂ ಪೂರ್ತಿ ಕಾಣತ್ತೆ. ಪಕ್ಕದಲ್ ನಿಂತೋನು ಕಾಣಲ್ಲ, ಬಿಯರ್ ಎಲ್ಲಿಟ್ಟೆ ಅಂತ ಕಾಣಲ್ಲ, ಹಲಗೆ ಕಾಣತ್ತೆ." ಆಮೇಲೆ, "ಅವ್ರಿಗ್ಯಾರ್ಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ," ಅಂದ.

ಕಣ್ಣಿದ್ದವನು ಕುರುಡನ ನಾಟಕ ಆಡುತ್ತಿದ್ದಾನೋ, ಕುರುಡ ಕಣ್ಣಿದ್ದವನ ನಾಟಕ ಆಡುತ್ತಿದ್ದಾನೋ? ಎರಡರಲ್ಲಿ ಒಂದಂತೂ ನಾಟಕ. ಇಂಥವನು ಸಾಕ್ಷಿಕಟ್ಟೆಯಲ್ಲಿ ನಿಂತರೆ ಲೆವಿನ್ ಸುಲಿದು ತಿನ್ನುತ್ತಾನೆ.

"ನಿನ್ ಟೀ ಆರ್ತಿದೆ," ಅಂದ ಹ್ಯಾಲಮ್.

"ಎಲ್ಲಿ ಕೊಟ್ಟಿದ್ದೀರಿ?"

"ಆಗ್ಲೇ ಇಟ್ನಲ್ಲ. ನಿನ್ ಎಡಗೈ ಪಕ್ಕ."

ಇತ್ತು. ಯಾವಾಗ ಇಟ್ಟನೋ. ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದ, ಕೊಳವೆಯೊಳಗಿಂದ ನೋಡುವವನ ಹಾಗೆ.

"ನೀನು ಗೂಬೆ ಥರ ಇಡೀ ತಲೆ ತಿರುಗಿಸ್ತೀಯಲ್ಲ ಡಕ್. ಎಷ್ಟು ದಿನದಿಂದ?"

ಎಂಥ ಒರಟ! ಎದ್ದು ಬಂದೆ.

ನವೆಂಬರ್ 9, ಶನಿವಾರ

ಲೆವಿನ್ ಏನು ಹೇಳುತ್ತಾನೆಂದು ಈಗ ಗೊತ್ತಾಗಿದೆ. ಎರಡೂ ಕಡೆಯವರು ಒಪ್ಪಿ ನೇಮಿಸಿದ ಕಣ್ಣಿನ ತಜ್ಞೆ ಡಾ. ಅಡೆಯೆಮಿ ನಮ್ಮ ಪರವಾಗಿಯೇ ಬರೆದಿದ್ದಾರೆ. ಹ್ಯಾಲಮ್‌ನ ನೋಟ ಸುತ್ತಲಿಂದ ಸವೆದು ನಡುವೆ ಒಂದು ತೂತಿನಷ್ಟು ಉಳಿದಿದೆಯಂತೆ. ಆದರೆ ಅದನ್ನು ಅಳೆಯುವುದು ಹೇಗೆ? ಯಂತ್ರದ ಮುಂದೆ ಕೂರಿಸುತ್ತಾರೆ, ಅಲ್ಲಲ್ಲಿ ಬೆಳಕಿನ ಚುಕ್ಕೆ ಮಿನುಗುತ್ತದೆ, ಕಂಡಾಗ ಗುಂಡಿ ಒತ್ತಬೇಕು. ಕಂಡರೂ ಒತ್ತದೆ ಕೂತರೆ? ಕುರುಡ! ಲೆವಿನ್ ಹಿಡಿಯುವುದು ಇದನ್ನೇ. ನಾನಾದರೂ ಇದನ್ನೇ ಹಿಡಿಯುತ್ತಿದ್ದೆ.

ಆ ಪರೀಕ್ಷೆಯಲ್ಲಿ ಮೋಸ ಮಾಡುವುದು ಎಷ್ಟು ಸುಲಭ ಅಂತ ನಾನೇ ನೋಡಿಬಿಡುವುದು ಎಂದು ಪೇಟೆಬೀದಿಯ ಕನ್ನಡಕದ ಅಂಗಡಿಗೆ ಹೋದೆ. ಮೊದಲ ಸಲ ಪ್ರಾಮಾಣಿಕವಾಗಿ, ಎರಡನೇ ಸಲ ಬೇಕೆಂದೇ ತಪ್ಪಾಗಿ ಒತ್ತಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಲೆಕ್ಕಾಚಾರ. ಚೂಯಿಂಗ್ ಗಮ್ ಅಗಿಯುತ್ತಿದ್ದ ಒಬ್ಬ ಹುಡುಗಿ ಗದ್ದ ಒಂದು ತಟ್ಟೆಯ ಮೇಲೆ ಇಡಿಸಿ, ಒಂದು ಕಣ್ಣು ಮುಚ್ಚಿ, ಕೈಗೆ ಗುಂಡಿ ಕೊಟ್ಟಳು. ಚುಕ್ಕೆ ಮಿನುಗಿತು, ಒತ್ತಿದೆ. ಇನ್ನೊಂದು, ಒತ್ತಿದೆ. ಮಕ್ಕಳಾಟದ ಹಾಗಿತ್ತು. ಆಮೇಲೆ ಬರಲೇ ಇಲ್ಲ. ಕಾದೆ. ಬೆನ್ನು ನೋಯತೊಡಗಿತು.

"ನಿಮ್ಮ ಯಂತ್ರ ನಿಂತುಹೋಗಿದೆ," ಅಂದೆ.

"ಇಲ್ಲ ಡಕ್, ನಡೀತಾನೇ ಇದೆ. ಗದ್ದ ಎತ್ಬೇಡಿ."

ಸುಳ್ಳು ಯಾಕೆ ಹೇಳುತ್ತಾಳೋ. ಯಂತ್ರ ಹಳೆಯದು, ನೋಡಿದರೇ ಗೊತ್ತಾಗುತ್ತಿತ್ತು. ಇನ್ನೊಂದು ಕಣ್ಣಿಗೂ ಇದೇ ಕಥೆ. ಮುಗಿದ ಮೇಲೆ ಹುಡುಗಿ ಅಗಿಯುವುದನ್ನು ನಿಲ್ಲಿಸಿದ್ದಳು. ಒಳಗಿಂದ ಯಾರನ್ನೋ ಕರೆತಂದಳು. ಅವನು ದನಿ ತಗ್ಗಿಸಿ, ಆಸ್ಪತ್ರೆಗೆ ಕಾಗದ ಬರೆದುಕೊಡುತ್ತೇನೆ, ಬೇಗ ಹೋಗಿ ಅಂದ. ಹೇಗೆ ಬಂದಿರಿ, ಕಾರಿನಲ್ಲಾ ಅಂತ ವಿಚಾರಿಸಿದ. ನಿನಗ್ಯಾಕಪ್ಪ ಅಂದೆ. ಹೆದರಿಸಿ ಕನ್ನಡಕ ಮಾರುವ ಈ ವರಸೆ ನನ್ನ ಹತ್ತಿರ ನಡೆಯುವುದಿಲ್ಲ. ಕಾಗದ ತಗೊಳ್ಳದೆ ಬಂದೆ.

ಎರಡನೇ ಸಲ ಪರೀಕ್ಷೆ ಮಾಡಿಸುವುದು ಮರೆತೇಹೋಯಿತು. ಹೋದದ್ದೇ ಅದಕ್ಕೆ.

ನವೆಂಬರ್ 13, ಬುಧವಾರ

ಡಂಕನ್ ಮುಂದಿನ ತಿಂಗಳ ನನ್ನ ಒಂದು ಕೇಸನ್ನು ಮೇಲಿನ ಮಹಡಿಯ ಹುಡುಗನಿಗೆ ಕೊಟ್ಟಿದ್ದಾನೆ. "ನಿಮಗೆ ಸ್ವಲ್ಪ ಆರಾಮಾಗಲಿ ಅಂತ ಮೇಡಂ." ಆರಾಮ!

ಕಾಲಿನ ಮುಂಭಾಗ ಮೊಣಕಾಲಿನಿಂದ ಕೆಳಗೆ ನೀಲಿ, ಹಳದಿ, ಮತ್ತೆ ನೀಲಿ. ಯಾವುದು ಎಲ್ಲಿ ತಾಗಿದ್ದೋ ನೆನಪಿಲ್ಲ.

ನವೆಂಬರ್ 19, ಮಂಗಳವಾರ

ವಿಚಾರಣೆ. ಕೋಲ್ಡ್‌ವೆಲ್ ಕೋರ್ಟು, ಜಡ್ಜ್ ಮಿಸೆಸ್ ಫಾರೆಲ್. ನೆಗಡಿಯಾಗಿತ್ತು ಅವರಿಗೆ, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ವಿಡಿಯೊ ಹಾಕಿದಾಗ ಒರೆಸುವುದನ್ನೂ ಮರೆತು ನೋಡಿದರು. ಲೆವಿನ್ ಮಾತು ಸೇರಿಸುವ ಅಗತ್ಯವೇ ಇರಲಿಲ್ಲ.

ಹ್ಯಾಲಮ್ ಸಾಕ್ಷಿಕಟ್ಟೆಗೆ ಬಂದ. ಹಿಂದಿನ ಬೆಂಚಿನಲ್ಲಿ ಡಾರ್ಟ್ಸ್ ಟೀಮಿನವರು ಕೂತಿದ್ದರು, ಯಾರು ಹೇಳಿದರೋ. ಅವರಿಗೆಲ್ಲ ಗೊತ್ತಾಗುವಂತೆ ಇವನು ಬಾಯಿ ಬಿಡುವುದಿಲ್ಲ ಅಂದುಕೊಂಡೆ. ಲೆವಿನ್ ಕೇಳಿದ:

"ಕಣ್ಣು ಕಾಣದ ಮನುಷ್ಯ ಕೋಲನ್ನು ಯಾಕೆ ಬಚ್ಚಿಡ್ತಾನೆ ಮಿಸ್ಟರ್ ಹ್ಯಾಲಮ್?"

ಹ್ಯಾಲಮ್ ಕತ್ತು ತಿರುಗಿಸಿ ಆ ಬೆಂಚನ್ನು ಹುಡುಕಿದ. ಒಬ್ಬೊಬ್ಬರ ಮುಖವನ್ನೂ ಬೇರೆಬೇರೆಯಾಗಿ ಹುಡುಕಬೇಕಾಯಿತು ಅವನಿಗೆ.

"ನಾಚ್ಕೆ ಸಾರ್," ಅಂದ. "ಇವ್ರ ಮುಂದೆ ನಾಚ್ಕೆ."

ಬೆಂಚಿನಿಂದ ಯಾರೋ, "ಅಯ್ಯೋ ವಿಲ್ಫ್, ಪೆದ್ದೇ!" ಅಂದರು. ಜಡ್ಜ್ ಗದರಿದರು. ಆದರೆ ಲೆವಿನ್ ಬಿಡುವ ಆಸಾಮಿಯೇ? ಬೇಡುವವರೂ ಅಳುವವರೂ ಕೋರ್ಟಿಗೆ ಹೊಸಬರಲ್ಲ ಎಂಬಂತೆ ಮುಗುಳ್ನಕ್ಕು, ಡಾ. ಅಡೆಯೆಮಿಯನ್ನು ಕರೆಸಿದ.

"ಡಾಕ್ಟರ್, ಕಣ್ಣಿನ ನರ ಸವೆದಿದೆ ಅನ್ನೋದು ನಿಮಗೆ ಕಾಣತ್ತೆ. ಒಪ್ಪಿದೆ. ಆದರೆ ಆ ನರದಿಂದ ಎಷ್ಟು ನೋಟ ಬರ್ತಿದೆ ಅನ್ನೋದನ್ನ ಹೇಳಬೇಕಾದವನು ರೋಗಿಯೇ, ಅಲ್ಲವೇ?"

"ಬಹುಮಟ್ಟಿಗೆ ಹೌದು."

"ಅವನು ಗುಂಡಿ ಒತ್ತದಿದ್ದರೆ, ಕಾಣಲಿಲ್ಲ ಅಂತಲೇ ಯಂತ್ರ ಬರೆದುಕೊಳ್ಳತ್ತೆ?"

"ಹೌದು."

"ಧನ್ಯವಾದ." ಕೂತ. ಜಡ್ಜ್ ಬರೆದುಕೊಂಡರು. ಪೆನ್ನಿನ ಸದ್ದು ಕೇಳಿ ನನಗೆ ಗೊತ್ತಾಯಿತು, ಮನೆ ಹೋಯಿತು.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬಾರದು. ಈ ವೃತ್ತಿಯಲ್ಲಿ ಮೊದಲ ದಿನ ಕಲಿಸುವ ಪಾಠ ಅದು, ಇಷ್ಟು ವರ್ಷದಲ್ಲಿ ಒಮ್ಮೆಯೂ ಮೀರಿದವಳಲ್ಲ. ಮರುಪ್ರಶ್ನೆಗೆ ಎದ್ದು ನಿಂತಾಗ ಕೈಯಲ್ಲಿ ಬರೆದಿಟ್ಟುಕೊಂಡದ್ದು ಬೇರೆಯೇ ಇತ್ತು. ಬಾಯಿಗೆ ಬಂದದ್ದು ಇದು:

"ಡಾಕ್ಟರ್, ಪರೀಕ್ಷೆ ನಡೆಯುವಾಗ ರೋಗಿಗಳು ಏನಾದರೂ ಹೇಳ್ತಾರಾ?"

ಲೆವಿನ್ ಆಶ್ಚರ್ಯದಿಂದ ನನ್ನ ಕಡೆ ನೋಡಿದನಂತೆ, ನಸ್ರೀನ್ ಆಮೇಲೆ ಹೇಳಿದಳು. ಡಾಕ್ಟರ್ ಕನ್ನಡಕ ತೆಗೆದರು.

"ಹೇಳ್ತಾರೆ. ನಾಟಕ ಮಾಡೋರು ನಂಗೆ ಕಾಣ್ತಿಲ್ಲ, ಕಾಣ್ತಿಲ್ಲ ಅಂತಾರೆ. ಅವರಿಗೆ ಚುಕ್ಕೆ ಬಂದಿದ್ದು ಗೊತ್ತಲ್ಲ, ಅದಕ್ಕೆ. ನಿಜವಾಗಿ ನೋಟ ಹೋದೋರು ಹಾಗೆ ಹೇಳಿದ್ದನ್ನ ನಾನು ಕೇಳೇ ಇಲ್ಲ ಅನ್ಬಹುದು. ಅವರಿಗೆ ಅಲ್ಲಿ ಕತ್ತಲೆಯೂ ಇಲ್ಲ, ಇಲ್ಲದ ನೋಟವನ್ನ ಮಿದುಳೇ ತುಂಬಿಕೊಂಡಿರತ್ತೆ. ಜನ ಇದ್ದಕ್ಕಿದ್ದಂತೆ ಪಕ್ಕದಲ್ಲಿ ಬಂದು ನಿಲ್ತಾರೆ, ಸಾಮಾನು ಯಾರೋ ದಾರಿಗಡ್ಡ ಇಡ್ತಾರೆ, ಬೇರೆಯವರದೇ ತಪ್ಪು. ನನ್ನ ಹತ್ತಿರ ಬರೋ ಹೊತ್ತಿಗೆ ಎಷ್ಟೋ ಜನ ಅಕ್ಕಪಕ್ಕದವರ ಜೊತೆ ಜಗಳ ಆಡಿರ್ತಾರೆ. ಯಂತ್ರದ ಮುಂದೆ ಕೂತಾಗ ಅವರೆಲ್ಲ ಹೇಳೋದು ಒಂದೇ ಮಾತು."

"ಏನು ಮಾತು?"

"ನಿಮ್ಮ ಯಂತ್ರ ನಿಂತುಹೋಗಿದೆ ಅಂತ."

ಜಡ್ಜ್ ತಲೆ ಎತ್ತಿದರು. "ಮಿಸ್ಟರ್ ಹ್ಯಾಲಮ್ ಏನು ಹೇಳಿದರು, ನೆನಪಿದೆಯೇ?"

"ಇವರು ಹೇಳಲೂ ಇಲ್ಲ ಮೇಡಂ. ಮುಗೀತು ಅಂದ್ಕೊಂಡು ಎದ್ದು ಕೋಟು ಹಾಕ್ಕೊಂಡ್ರು. ನರ್ಸ್ ಓಡಿಬಂದು ಮತ್ತೆ ಕೂರಿಸಬೇಕಾಯ್ತು. ಮೆಕ್ಯಾನಿಕ್ ಅಲ್ವಾ, ಹೋಗ್ತಾ ಹೋಗ್ತಾ ಸ್ವಿಚ್ ಬೇರೆ ಆರಿಸಿದ್ರು."

ಬೆಂಚಿನವರು ನಕ್ಕರು. ಜಡ್ಜ್ ನಕ್ಕರು. ಲೆವಿನ್ ಕೂಡ.

"ಇನ್ನೇನಾದರೂ ಇದೆಯೇ, ಮಿಸ್ ಟ್ಯಾನ್ಸ್ಲಿ?"

ಕೇಳಿದ್ದು ನನ್ನನ್ನು. ನಾನು ನಿಂತೇ ಇದ್ದೆ. ಜಡ್ಜ್ ಎರಡನೇ ಸಲ ಕೇಳಿದರಂತೆ. ಇನ್ನೇನೂ ಇಲ್ಲ ಎಂದು ಹೇಳಿ, ಕುರ್ಚಿ ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡಿಕೊಂಡು ಕೂತೆ.

ನವೆಂಬರ್ 20, ಬುಧವಾರ

ಗೆದ್ದೆವು. ಹ್ಯಾಲಮ್ ನಿಜ ಹೇಳುತ್ತಿದ್ದಾನೆ, ಮನೆ ಅವನದೇ, ಸಹಾಯಕ್ಕೆ ಬರುವವಳೂ ಮುಂದುವರಿಯಬೇಕು. ಕೌನ್ಸಿಲ್ ದಾವೆ ವಜಾ. ನಸ್ರೀನ್ ಅತ್ತಳು. ಟೀಮಿನವರು ಹ್ಯಾಲಮ್‌ನನ್ನು ಪಬ್‌ಗೆ ಎಳೆದುಕೊಂಡು ಹೋಗುವುದಕ್ಕೆ ನಿಂತಿದ್ದರು. ಇನ್ನು ಮುಂದೆ ಅವನ ಬಿಯರ್ ಹಿಡಿದುಕೊಳ್ಳುವುದಕ್ಕೇ ಒಬ್ಬನನ್ನು ನೇಮಿಸುತ್ತಾರಂತೆ.

ಅವರನ್ನೆಲ್ಲ ಹೊರಗೆ ಕಾಯಲು ಹೇಳಿ ಅವನು ಹಜಾರದ ಕೊನೆಯಲ್ಲಿ ನನಗಾಗಿ ನಿಂತಿದ್ದ. ಅವನನ್ನು ನಾನು ಒಂದು ದಿನವೂ ನಂಬಿರಲಿಲ್ಲ. ಅದನ್ನು ಅವನಿಗೆ ಹೇಳಿದೆ.

"ಗೊತ್ತು ಡಕ್. ನಿನ್ ಮುಖ ನಂಗೆ ಚೆನ್ನಾಗ್ ಕಾಣತ್ತಲ್ಲ," ಅಂದ.

ಹೊರಗೆ ಮಬ್ಬು ಕವಿದಿತ್ತು. ಕೋರ್ಟಿನ ಮುಂದಿನ ಮೆಟ್ಟಿಲುಗಳೆಲ್ಲ ಒಂದೇ ಬೂದು ಬಣ್ಣ, ಅಂಚು ಯಾವುದು ಎಂದು ಗೊತ್ತಾಗಲಿಲ್ಲ. ಮೊದಲನೆಯದರ ಮೇಲೆ ನಿಂತುಬಿಟ್ಟೆ. ಹ್ಯಾಲಮ್ ಕೋಲು ಬಿಡಿಸಿದ, ಮೊಣಕೈಯನ್ನು ನನ್ನ ಕಡೆ ಚಾಚಿದ.

"ಹಿಡ್ಕೊ."

"ಬೇಡ ಮಿಸ್ಟರ್ ಹ್ಯಾಲಮ್. ನಾನು ಚೆನ್ನಾಗಿಯೇ ಇದ್ದೀನಿ."

"ಹೂಂ, ಹೂಂ. ಮೇಲ್ಗಡೆ ಮನೇಲಿದ್ದಾಗ ನಾನೂ ಚೆನ್ನಾಗೇ ಇದ್ದೆ."

ಹಿಂದೆ ಯಾರೋ ಇಳಿಯುವವರು ಕಾದು ನಿಂತಿದ್ದರು. ಹಿಡಿದುಕೊಂಡೆ. ಅವನು ಕೋಲಿನಿಂದ ಪ್ರತಿ ಮೆಟ್ಟಿಲನ್ನೂ ಒಮ್ಮೆ ತಟ್ಟಿ, ಆಮೇಲೆ ಕಾಲಿಟ್ಟ. ನಾನು ಅವನ ಹಿಂದೆ ಅರ್ಧ ಹೆಜ್ಜೆ. ಟೀಮಿನವರು ಕೆಳಗಿನಿಂದ ನೋಡುತ್ತಿದ್ದರು, ಮುದುಕನನ್ನು ವಕೀಲಮ್ಮ ಎಷ್ಟು ಜೋಪಾನವಾಗಿ ಇಳಿಸಿಕೊಂಡು ಬರುತ್ತಿದ್ದಾಳೆ ಅಂದುಕೊಂಡಿರಬೇಕು. ಒಬ್ಬ ಚಪ್ಪಾಳೆ ತಟ್ಟಿದ. ಹ್ಯಾಲಮ್ ಅದನ್ನು ಸರಿಮಾಡಲು ಹೋಗಲಿಲ್ಲ, ನಾನೂ ಹೋಗಲಿಲ್ಲ.

ಕೆಳಗೆ ಬಂದ ಮೇಲೆ ಕಾರಿನ ಕೀಲಿಯನ್ನು ನಸ್ರೀನ್ ಕೈಗೆ ಕೊಟ್ಟು, ತಲೆನೋವು, ನೀನೇ ಓಡಿಸು ಅಂದೆ. ಅವಳು ಮನೆ ಮುಂದೆ ಇಳಿಸಿ ಕೀಲಿ ವಾಪಸು ಕೊಟ್ಟಾಗ, ನಿನ್ನ ಹತ್ತಿರವೇ ಇರಲಿ ಎಂದೆ.